ಒಲೆಗೊಂದು ಉಸಿರು

ನಾನು ಒಂದು ಊದುಗೊಳವೆ. ಮೊಳದುದ್ದದ ಬಿದಿರಿನ ತುಂಡು, ಅಷ್ಟೆ. ನನ್ನ ಒಂದು ತುದಿ ಮನುಷ್ಯರ ಬಾಯಿಗೆ, ಇನ್ನೊಂದು ತುದಿ ಬೆಂಕಿಯ ಬಾಯಿಗೆ. ಬಾಯಿಯ ಕಡೆಯ ತುದಿ ತುಟಿ ತಾಗಿ ತಾಗಿ ನುಣುಪಾಗಿದೆ. ಬೆಂಕಿಯ ಕಡೆಯದು ಸುಟ್ಟು ಕಪ್ಪಾಗಿ, ಹುಟ್ಟಿದಾಗ ಇದ್ದಷ್ಟು ಉದ್ದ ಈಗಿಲ್ಲ.

ನನ್ನನ್ನು ಮಾಡಿದವನು ಅಚ್ಚುಗೇಗೌಡ. ಆಗ ಅವನಿಗೆ ಮೀಸೆ ಚಿಗುರುತ್ತಿದ್ದ ವಯಸ್ಸು. ಬೇದಿ ಎಂಬ ಹುಡುಗಿಯನ್ನು ಮೆಚ್ಚಿ, ಇಬ್ಬರೂ ಹೇಳದೆ ಕೇಳದೆ ಕಾಡು ಹೊಕ್ಕು, ಕೆಲವು ದಿನ ಅಲ್ಲೇ ಇದ್ದು ಪೋಡಿಗೆ ಮರಳಿದ್ದರು. ಪೋಡು ಎಂದರೆ ನಮ್ಮ ಬೆಟ್ಟದ ನೆತ್ತಿಯ ಮೇಲಿನ ಪುಟ್ಟ ಊರು, ಒಂದಷ್ಟು ಗುಡಿಸಲು. ಹಿರಿಯರು ಗದರಿದಂತೆ ಮಾಡಿ, ಕೊನೆಗೆ ನಕ್ಕು, ಗುಡಿಸಲು ಹಾಕಿಕೊಳ್ಳಲು ಜಾಗ ತೋರಿಸಿದರು. ಹೊಸ ಒಲೆಗೆ ಕೆಂಡ ತಂದದ್ದಾಯಿತು, ಊದುವುದಕ್ಕೆ ಏನೂ ಇಲ್ಲ. ಅಚ್ಚುಗೇಗೌಡ ಬಿದಿರ ಮೆಳೆಯಿಂದ ನನ್ನನ್ನು ಕಡಿದು ತಂದು, ಕಾಯಿಸಿದ ಸಲಾಕೆಯಿಂದ ನನ್ನೊಳಗಿನ ಗಿಣ್ಣುಗಳನ್ನು ತೂತು ಮಾಡಿ ಹೆಂಡತಿಯ ಕೈಗೆ ಕೊಟ್ಟ.

ಬೇದಿ ಮೊದಲ ಸಲ ನನ್ನನ್ನು ಊದಿದ್ದು ಬಿರುಗಾಳಿಯ ಹಾಗೆ. ಒಲೆಯ ಬೂದಿಯೆಲ್ಲ ಎದ್ದು ಗಂಡನ ಮುಖಕ್ಕೆ ಬಡಿಯಿತು.

"ಒಲೆ ಊದ್ತಿದ್ದೀಯೋ, ನನ್ನ ಓಡುಸ್ತಿದ್ದೀಯೋ?" ಎಂದ ಅವನು ಕಣ್ಣು ಉಜ್ಜಿಕೊಂಡು.

"ಓಡೋಗೋನಾಗಿದ್ರೆ ಮೊದಲೇ ಹೋಗ್ಬೇಕಿತ್ತು. ಈಗ ಕುಂತ್ಕ" ಎಂದಳು ಅವಳು.

ಆಮೇಲೆ ಅವಳು ಕಲಿತಳು. ಬೂದಿ ಕದಲದಂತೆ, ಕೆಂಡ ಮಾತ್ರ ಕಣ್ಣು ಬಿಡುವಂತೆ ಊದುವುದು ಒಂದು ಹದ. ಕೆನ್ನೆ ದುಂಡಗೆ ಮಾಡಿ, ಉಸಿರನ್ನು ಎಳೆ ಎಳೆಯಾಗಿ ಬಿಡಬೇಕು. ನಿದ್ದೆಯಿಂದ ಏಳುವ ಮಗುವನ್ನು ತಟ್ಟಿದ ಹಾಗೆ. ಅವಳ ಉಸಿರಿನಲ್ಲಿ ರಾಗಿಯ ವಾಸನೆ ಇರುತ್ತಿತ್ತು. ಜೇನು ಇಳಿಸಿದ ದಿನಗಳಲ್ಲಿ ಜೇನಿನದು.

ನಮ್ಮ ಬೆಟ್ಟದಲ್ಲಿ ಚಳಿ ಬಿದ್ದಿತೆಂದರೆ ಗುಡಿಸಲಿನ ಬಾಗಿಲು ತೆರೆಯುವುದೇ ಕಡಿಮೆ. ಒಲೆ ಆರುವುದಿಲ್ಲ. ಹೊಗೆ ಸೂರಿಗೆ ಮುಟ್ಟಿ, ಅಲ್ಲಿ ಕಟ್ಟಿದ ಬಿತ್ತನೆ ರಾಗಿಯ ತೆನೆಗಳನ್ನು ಸವರಿ, ಹುಲ್ಲಿನ ಸಂದುಗಳಿಂದ ನಿಧಾನವಾಗಿ ಆಚೆ ಹೋಗುತ್ತದೆ. ತೆನೆಗೆ ಹುಳ ಹತ್ತುವುದಿಲ್ಲ, ಹುಲ್ಲು ಕೊಳೆಯುವುದಿಲ್ಲ. ಹೊಗೆಯೂ ಮನೆಯವರಲ್ಲಿ ಒಬ್ಬನಂತೆ ಇತ್ತು.

ಪೋಡಿನಲ್ಲಿ ಎಲ್ಲ ಲೆಕ್ಕವೂ ಒಲೆಯದು. ಇಳಿಸಿದ ಜೇನು ಹಂಚುವುದು ಒಲೆಗಿಷ್ಟು. ಹಿರಿಯರ ಕೂಟಕ್ಕೆ ಹೋಗುವುದು ಒಲೆಗೊಬ್ಬರು. ಒಲೆಯನ್ನು ಊದುವವಳೇ ಮನೆಯ ಒಡತಿ. ಹಾಗಾಗಿ ನಾನು ಯಾರ ಕೈಯಲ್ಲಿದ್ದೇನೆ ಎನ್ನುವುದು ಸಣ್ಣ ವಿಷಯವಲ್ಲ.

ವರ್ಷಗಳು ಹೋದವು. ಬೇದಿ ಬೇದಮ್ಮನಾದಳು. ಅಚ್ಚುಗೇಗೌಡ ಒಂದು ಮಳೆಗಾಲದ ಜ್ವರದಲ್ಲಿ ತೀರಿಕೊಂಡ. ಮಗ ಬೊಮ್ಮ ಬೆಳೆದು ಕಾಡು ಕಾಯುವ ಕೆಲಸಕ್ಕೆ ಸೇರಿ, ಜಡೆಮ್ಮನನ್ನು ಮದುವೆಯಾಗಿ ಕರೆತಂದ. ಕೆಂಪಿ ಹುಟ್ಟಿದಳು. ನಾನು ಮಾತ್ರ ಬೇದಮ್ಮನ ಕೈಯಲ್ಲೇ ಇದ್ದೆ.

ಆದರೆ ಅವಳ ಉಸಿರು ಬದಲಾಗಿತ್ತು. ಅದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನಗೆ. ಹಿಂದೆ ಒಂದೇ ಉಸಿರಿಗೆ ಉರಿ ಏಳುತ್ತಿತ್ತು. ಈಗ ಅರ್ಧದಲ್ಲಿ ನಿಲ್ಲಿಸಿ, ಸೌದೆ ಸರಿಮಾಡುವವಳಂತೆ ಬಗ್ಗುತ್ತಾಳೆ. ಸೌದೆ ಸರಿಯಾಗಿಯೇ ಇರುತ್ತದೆ. ಅವಳು ಉಸಿರಿಗಾಗಿ ಕಾಯುತ್ತಿರುತ್ತಾಳೆ.

"ಕೊಳವೆ ಇತ್ತ ಕೊಡತ್ತೆ, ನಾ ಊದ್ತೀನಿ. ನಿನ್ನೆದೆ ಕುಯ್ಯೋ ಅಂತದೆ" ಎನ್ನುತ್ತಿದ್ದಳು ಜಡೆಮ್ಮ, ಒಲೆಯ ಆಚೆ ಬದಿಯಲ್ಲಿ ಮಗುವಿಗೆ ಹಾಲೂಡಿಸುತ್ತ.

"ಅದು ನನ್ನೆದೆ ಅಲ್ಲ ಕಣವ್ವ, ಮೂಲೇಲಿ ಬೆಕ್ಕು."

"ನಮ್ಮನೇಲಿ ಬೆಕ್ಕೆಲ್ಲದೆ?"

"ಇವತ್ತು ಬಂದದೆ. ನೀನು ಮಗೂನ ನೋಡ್ಕ."

ಬೇದಮ್ಮನ ಭಯ ನನಗೆ ಅರ್ಥವಾಗುತ್ತಿತ್ತು. ನನ್ನನ್ನು ಕೊಟ್ಟುಬಿಟ್ಟರೆ ಅವಳು ಆ ಮನೆಯಲ್ಲಿ ಬರೀ ಊಟಕ್ಕೆ ಕೂರುವ ಮುದುಕಿ. ಹಾಗೆ ಅವಳೇ ಅಂದುಕೊಂಡಿದ್ದಳು, ಬೇರೆ ಯಾರೂ ಅಂದಿರಲಿಲ್ಲ.

ಸಿಸ್ಟರ್ ಫಿಲೋಮಿನಾ ಕೊಳ್ಳೇಗಾಲದ ಕಡೆಯ ನರ್ಸು. ತಿಂಗಳಿಗೊಮ್ಮೆ ಜೀಪಿನಲ್ಲಿ ಬೆಟ್ಟ ಹತ್ತಿ ಬರುತ್ತಿದ್ದರು. ಒಂದು ಸಲ ಗುಡಿಸಲಿಗೆ ಬಗ್ಗಿ ಬಂದು, ಕಣ್ಣೀರು ಒರೆಸಿಕೊಳ್ಳುತ್ತ, ಹೊಗೆಯನ್ನು ಗೋಡೆಯಾಚೆ ಕಳಿಸುವ ಕೊಳವೆಯ ಒಲೆ ಹಾಕಿಕೊಳ್ಳಿ ಎಂದರು.

"ಹೊಗೆ ಆಚೆ ಹೋದ್ರೆ ಬಿತ್ತನೆ ರಾಗಿ ಯಾರು ಕಾಯ್ತಾರೆ ಸಿಸ್ಟ್ರಮ್ಮ, ನೀವಾ?" ಎಂದಳು ಬೇದಮ್ಮ. ಸಿಸ್ಟರ್ ನಕ್ಕುಬಿಟ್ಟರು.

ಚಳಿ ಕಳೆಯುವ ಹೊತ್ತಿಗೆ ಅವರು ಒಂದು ಸುದ್ದಿ ತಂದರು. ಬೆಟ್ಟದ ಮೇಲಿನ ಪೋಡುಗಳಲ್ಲಿ ಎಲ್ಲರ ಉಸಿರನ್ನು ಪರೀಕ್ಷೆ ಮಾಡುತ್ತಾರಂತೆ. ಕೆಮ್ಮು ಇರಲಿ ಬಿಡಲಿ, ಬೀಡಿ ಸೇದಲಿ ಬಿಡಲಿ, ಎಲ್ಲರೂ ಬಂದು ಒಂದು ಮಿಷಿನ್ನಿಗೆ ಊದಬೇಕು. ಎದೆಯ ಕಾಯಿಲೆ ಒಳಗೇ ಬೆಳೆಯುತ್ತಿದ್ದರೆ ಬೇಗ ಗೊತ್ತಾಗುತ್ತದೆ.

ಬೇದಮ್ಮ ಪರೀಕ್ಷೆಯ ಬೆಳಿಗ್ಗೆ ಸೊಸೆಗೆ ಹೇಳಿದಳು: "ನಮ್ಮೊಲೆಯಿಂದ ನೀನು ಊದು. ಗಟ್ಟಿ ಇರೋಳು ನೀನು."

ಪೋಡಿನವರೆಲ್ಲ ಮಾಡಿದ್ದು ಅದನ್ನೇ. ಒಲೆಗೊಬ್ಬರನ್ನು, ಅದೂ ಮನೆಯಲ್ಲಿ ಗಟ್ಟಿಯಾಗಿರುವವರನ್ನು ಆರಿಸಿ ಕಳಿಸಿದರು. ಕೆಮ್ಮುವವರೆಲ್ಲ ಮನೆಯಲ್ಲಿ ಉಳಿದರು.

ಬೇದಮ್ಮ ನೋಡಲೆಂದು ಹೋದಳು. ಒಲೆಯ ಮುಂದಿನಿಂದ ಎದ್ದವಳು ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟಿದ್ದಳು. ಹಾಗಾಗಿ ನಾನೂ ನೋಡಿದೆ. ಕೂಟದ ಚಪ್ಪರದಲ್ಲಿ ಒಂದು ಮೇಜು, ಅದರ ಮೇಲೆ ಅಂಗೈಯಗಲದ ಮಿಷಿನ್ನು, ಪಕ್ಕದಲ್ಲಿ ರಟ್ಟಿನ ಕೊಳವೆಗಳ ರಾಶಿ. ಒಬ್ಬೊಬ್ಬರು ಊದಿದ ಮೇಲೂ ಸಿಸ್ಟರ್ ಆ ಕೊಳವೆಯನ್ನು ಬುಟ್ಟಿಗೆ ಎಸೆಯುತ್ತಿದ್ದರು. ಒಂದೇ ಬಾಯಿಯ ಜೊತೆ ಬಾಳಿದ ನನಗೆ ಅವುಗಳನ್ನು ಕಂಡು ಅಯ್ಯೋ ಅನ್ನಿಸಿತು.

"ಏನು, ಇಷ್ಟೇ ಜನಾನಾ? ಉಳಿದೋರೆಲ್ಲಿ?" ಎಂದರು ಸಿಸ್ಟರ್.

"ಒಲೆಗೊಬ್ರು ಬಂದಿದ್ದೀವಲ್ಲ" ಎಂದಳು ಬೇದಮ್ಮ.

ಸಿಸ್ಟರ್ ಹಣೆಗೆ ಕೈ ಇಟ್ಟುಕೊಂಡು ನಗತೊಡಗಿದರು. "ಉಸಿರನ್ನ ಒಲೆಗೊಂದು ಅಂತ ಹಂಚಿಲ್ಲ ಅಜ್ಜಿ. ಮೂಗಿಗೊಂದು ಕೊಟ್ಟವನೆ ದೇವರು. ಹೋಗಿ, ಎಲ್ಲಾರನ್ನೂ ಕರ್ಕೊಂಡು ಬನ್ನಿ. ಅಲ್ಲೀತನಕ ಜಡೆಮ್ಮ, ನೀನು ಊದು."

ಜಡೆಮ್ಮ ಕೆನ್ನೆ ದುಂಡಗೆ ಮಾಡಿ, ಹದವಾಗಿ ಊದಿದಳು.

"ಒಲೆ ಊದಿದ ಹಂಗಲ್ಲಮ್ಮ. ಬೂದಿ ಹಾರಿದ್ರೆ ಹಾರ್ಲಿ. ಎದೇಲಿರೋದನ್ನೆಲ್ಲ ಒಂದೇ ಸಲ ಆಚೆಗೆ ಹಾಕು."

ಎರಡನೆಯ ಸಲ ಅವಳು ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬುವಂತೆ ಊದಿದಳು. ಮಿಷಿನ್ನಿನ ಪರದೆಯ ಮೇಲಿನ ಗೆರೆ ಸ್ವಲ್ಪ ಏರಿ ಬಾಗಿಬಿಟ್ಟಿತು. ಸಿಸ್ಟರ್ ನಗು ನಿಲ್ಲಿಸಿದರು. ಒಂದು ಔಷಧಿಯನ್ನು ಬಾಯಿಯಿಂದ ಎಳೆದುಕೊಳ್ಳಲು ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸಿದರು. ಗೆರೆ ಹೆಚ್ಚೇನೂ ಮೇಲೇಳಲಿಲ್ಲ.

"ಮಿಷಿನ್ನು ಕೆಟ್ಟದೆ" ಎಂದಳು ಬೇದಮ್ಮ. "ಸೌದೆ ಹೊರೆ ಹೊತ್ಕಂಡು ದಿಣ್ಣೆ ಹತ್ತೋ ಹುಡುಗಿ ಅವಳು."

"ಮಿಷಿನ್ನು ಸರಿಯಾಗೇ ಅದೆ ಅಜ್ಜಿ."

ಜಡೆಮ್ಮ ತಲೆ ತಗ್ಗಿಸಿದಳು. "ಈಗೀಗ ದಿಣ್ಣೆ ಹತ್ತುವಾಗ ಎಲ್ಲರಿಂದ ಹಿಂದೆ ಉಳೀತೀನಿ. ಮಗು ಹುಟ್ಟಿದ್ ಸುಸ್ತು ಅನ್ಕಂಡಿದ್ದೆ. ಹೇಳಿದ್ರೆ ಅತ್ತೆ ಸೋಮಾರಿ ಅಂದಾಳು ಅಂತ..."

ಬೇದಮ್ಮನ ಕೈ ಸೊಂಟದಲ್ಲಿದ್ದ ನನ್ನನ್ನು ಬಿಗಿಯಾಗಿ ಹಿಡಿಯಿತು. ಅವಳು ಏನು ನೋಡುತ್ತಿದ್ದಾಳೆಂದು ನನಗೆ ತಿಳಿಯಿತು. ಒಲೆಯ ಈಚೆ ಅವಳು, ಕೈಯಲ್ಲಿ ನಾನು. ಒಲೆಯ ಆಚೆ, ಮಗುವನ್ನು ಮಡಿಲಲ್ಲಿಟ್ಟುಕೊಂಡ ಜಡೆಮ್ಮ.

"ನಾನು ಊದ್ದಾಗೆಲ್ಲ ಹೊಗೆ ನಿನ್ನ ಕಡೀಕೆ ಬತ್ತಿತ್ತಲ್ಲವ್ವ" ಎಂದಳು. ಕೆಮ್ಮು ಬಂತು. ಬೆಕ್ಕಿನ ಮೇಲೆ ಹಾಕಲು ಅಲ್ಲಿ ಮೂಲೆಯೂ ಇರಲಿಲ್ಲ. ಕೆಮ್ಮಿ ಕೆಮ್ಮಿ ಕುಸಿದು ಕೂತಳು.

ಸಿಸ್ಟರ್ ಅವಳ ಬೆನ್ನು ಸವರಿದರು. "ಜಡೆಮ್ಮನ್ನ ಕೆಳಗಿನ ಆಸ್ಪತ್ರೆಗೆ ಕರ್ಕೊಂಡೋಗಿ ತೋರಿಸ್ಬೇಕು. ಈಗಿಂದ್ಲೇ ಹೊಗೆ ತಪ್ಪಿಸಿ ಔಷಧಿ ತಗೊಂಡ್ರೆ ಚೆನ್ನಾಗಿರ್ತಾಳೆ. ಮಗೂನೂ ಹೊಗೇಲಿ ಕೂರಿಸ್ಬೇಡಿ."

"ಹೋಗವ್ವ, ನಾಳೇನೇ ಹೋಗು" ಎಂದಳು ಬೇದಮ್ಮ.

ಜಡೆಮ್ಮ ಕಣ್ಣೊರೆಸಿಕೊಂಡು, ಅತ್ತೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. "ನೀನು ಊದಿದ್ರೆ ಹೋಯ್ತೀನಿ. ಇಲ್ದಿದ್ರೆ ಇಲ್ಲ."

"ನಂಗೇನಾಗದೆ?"

"ಅದ್ನೇ ನೋಡಾನ. ಬೆಕ್ಕೋ, ಎದೆಯೋ."

ಚಪ್ಪರದಲ್ಲಿದ್ದವರು ನಕ್ಕರು. ಬೇದಮ್ಮ ಸುತ್ತ ನೋಡಿದಳು. ಆಮೇಲೆ ಸೊಂಟದಿಂದ ನನ್ನನ್ನು ತೆಗೆದು ಸೊಸೆಯ ಕೈಗೆ ಕೊಟ್ಟಳು. "ಹಿಡ್ಕ ಇದನ್ನ" ಎಂದಳು, ನೀರಿನ ಚೆಂಬು ಕೊಟ್ಟಷ್ಟು ಸುಲಭವಾಗಿ. ಜಡೆಮ್ಮನ ಅಂಗೈ ಬೆವೆತಿತ್ತು. ಅವಳು ನನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬೇದಮ್ಮ ಊದಿದಳು. ಅಷ್ಟು ಚಿಕ್ಕ ಉಸಿರು. ನನಗೆ ಗೊತ್ತಿತ್ತು, ಈಗ ಎಲ್ಲರಿಗೂ ಗೊತ್ತಾಯಿತು.

"ಹೇಳು ಸಿಸ್ಟ್ರಮ್ಮ, ಎಷ್ಟು ಉಳ್ದದೆ?"

"ಅರ್ಧಕ್ಕಿಂತ ಕಮ್ಮಿ, ಅಜ್ಜಿ. ಹೋಗಿದ್ದು ಬರಲ್ಲ. ಇರೋದನ್ನ ಜೋಪಾನ ಮಾಡೋಣ."

"ಇವಳದು?"

"ಇವಳದು ಜಾಸ್ತಿ ಉಳಿದದೆ."

"ಹಂಗಾದ್ರೆ ಆಯ್ತು" ಎಂದಳು ಬೇದಮ್ಮ.

ಆ ಹೊತ್ತಿಗೆ ಪೋಡಿನ ಕೆಮ್ಮುಗಳೆಲ್ಲ ಒಂದೊಂದಾಗಿ ಚಪ್ಪರದ ಕಡೆ ಬರತೊಡಗಿದ್ದವು.

ಅತ್ತೆ ಸೊಸೆ ಆಸ್ಪತ್ರೆಗೆ ಹೋಗಿ ಬಂದರು. ಮರುದಿನ ಬೇದಮ್ಮ ತಾನೇ ಗುಡಿಸಲಿನ ಗೋಡೆಗೆ ಗುದ್ದಲಿ ಹಾಕಿದಳು. ಎರಡೇಟಿಗೆ ಉಸಿರು ಕಟ್ಟಿತು. ಉಳಿದದ್ದನ್ನು ಬೊಮ್ಮ ಒಡೆದ. ಸಿಸ್ಟರ್ ತರಿಸಿಕೊಟ್ಟ ಕೊಳವೆ ಕೂರಿಸಿ, ಮಣ್ಣು ಮೆತ್ತಿ ಹೊಸ ಒಲೆ ಹಾಕಿದರು. ಬಿತ್ತನೆ ತೆನೆಗಳಿಗೆ ಹಿತ್ತಲಲ್ಲಿ ಬೇರೆ ಸಣ್ಣ ಸೂರು ಕಟ್ಟಿ, ಅದರಡಿ ಆಗಾಗ ಹಸಿಸೊಪ್ಪಿನ ಹೊಗೆ ಹಾಕುತ್ತಾರೆ. ಅಲ್ಲಿ ಯಾರೂ ಕೂರುವುದಿಲ್ಲ.

ಹೊಸ ಒಲೆ ತಾನೇ ಗಾಳಿ ಎಳೆದುಕೊಂಡು ಉರಿಯುತ್ತದೆ. ಅದಕ್ಕೆ ನಾನು ಬೇಡ. ಕೆಲವು ದಿನ ಗೋಡೆಯ ಸಂದಿನಲ್ಲಿ ಬಿದ್ದಿದ್ದೆ. ನನ್ನ ಕಥೆ ಮುಗಿಯಿತು, ಇನ್ನು ಯಾವಾಗಲೋ ಸೌದೆಯ ಜೊತೆ ಹೋಗುತ್ತೇನೆ ಅಂದುಕೊಂಡಿದ್ದೆ. ಅದರಲ್ಲಿ ಬೇಸರವೇನೂ ಇರಲಿಲ್ಲ. ಬೆಂಕಿಯ ಪಕ್ಕ ಬಾಳಿದವನಿಗೆ ಬೆಂಕಿ ಹೊಸಬನಲ್ಲ.

ಆಮೇಲೆ ಸಿಸ್ಟರ್ ಬಂದು ಬೇದಮ್ಮನಿಗೆ ಒಂದು ಅಭ್ಯಾಸ ಹೇಳಿಕೊಟ್ಟರು. ಕೊಳವೆಯ ತುದಿಯನ್ನು ನೀರಿನಲ್ಲಿಟ್ಟು, ಗುಳ್ಳೆ ಬರುವಂತೆ ನಿಧಾನವಾಗಿ ಊದಬೇಕು. ಎದೆಗೆ ಕಟ್ಟಿದ ಕಫ ಸಡಿಲವಾಗುತ್ತದೆ, ಉಸಿರಿಗೆ ದಾರಿಯಾಗುತ್ತದೆ. ಅವರು ಹೊಸ ಪ್ಲಾಸ್ಟಿಕ್ ಕೊಳವೆ ತಂದಿದ್ದರು. ಬೇದಮ್ಮ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ನನ್ನನ್ನು ಕೈಗೆ ತೆಗೆದುಕೊಂಡಳು. ಸಿಸ್ಟರ್ ನನ್ನನ್ನು ಕುದಿಯುವ ನೀರಲ್ಲಿ ತೊಳೆಸಿ, ಸರಿ ಎಂದರು.

ಈಗ ಬೇದಮ್ಮ ಅಂಗಳದ ಬಿಸಿಲಿನಲ್ಲಿ, ಎದುರಿಗೆ ನೀರಿನ ಪಾತ್ರೆ ಇಟ್ಟುಕೊಂಡು ಕೂರುತ್ತಾಳೆ. ಅವಳು ಊದಿದರೆ ಏನೂ ಉರಿಯುವುದಿಲ್ಲ, ಏನೂ ಬೇಯುವುದಿಲ್ಲ. ಕೆಂಪಿ ಮಾತ್ರ ಗುಳ್ಳೆಗಳನ್ನು ಬೆರಳಿನಿಂದ ಒಡೆಯುತ್ತ, ಇನ್ನೂ ಊದು ಎಂದು ಅಜ್ಜಿಯ ಮೊಣಕಾಲು ಬಡಿಯುತ್ತಾಳೆ. ಮನೆಯ ಒಡತಿ ಯಾರು ಎಂದು ಯಾರೂ ಕೇಳುವುದಿಲ್ಲ. ಸಾರಿಗೆ ಉಪ್ಪು ಎಷ್ಟು ಎಂದು ಜಡೆಮ್ಮ ಒಳಗಿನಿಂದ ಕೂಗಿ ಕೇಳುತ್ತಾಳೆ, ಗೊತ್ತಿದ್ದರೂ.

ಇಂದು ಬೆಳಿಗ್ಗೆ ಜಡೆಮ್ಮ ಸೌದೆಗೆ ಹೋಗಿದ್ದಳು. ಮೊದಲಿನಷ್ಟು ದೊಡ್ಡ ಹೊರೆಯಲ್ಲ. ದಿಣ್ಣೆಯ ಮಧ್ಯದಿಂದಲೇ, ಹತ್ತುತ್ತ ಹತ್ತುತ್ತಲೇ ಅವಳ ಕೂಗು ಕೇಳಿತು.

"ಅತ್ತೇ... ಊದಿದ್ಯಾ?"

ಬೇದಮ್ಮನ ಬಾಯಿ ನನ್ನ ಮೇಲಿತ್ತು. ಅವಳ ಪರವಾಗಿ ನಾನೇ ಉತ್ತರ ಕೊಟ್ಟೆ: ಗುಳುಗುಳು, ಗುಳುಗುಳು.