ಎಡಗಡೆಯ ಪಿನ್ನು

ಒಂಬತ್ತು ವರ್ಷದ ಹಿಂದೆ, ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ನನ್ನ ಹೆಂಡತಿಗೆ ಒಂದು ಮಾತು ಕೊಟ್ಟೆ. ಅವಳ ಬಲತೋಳನ್ನು ಎದೆಗೆ ಸೇರಿಸಿ ಕಟ್ಟಿದ್ದರು. ಎಡಗೈಯಲ್ಲಿ ನನ್ನ ಅಂಗಿಯ ತುದಿ ಹಿಡಿದುಕೊಂಡು, "ಇಲಿಗೆ ಹೇಳಬೇಡಿ ಕಣ್ರೀ," ಎಂದಳು. "ಯಾವತ್ತೂ ಹೇಳಬೇಡಿ. ನಾನಿದ್ರೂ ಅಷ್ಟೇ, ಹೋದ್ರೂ ಅಷ್ಟೇ."

"ಹೇಳಲ್ಲ."

"ಹಾಗಲ್ಲ. ಆಣೆ ಮಾಡಿ."

"ನಿನ್ನಾಣೆ ಹೇಳಲ್ಲ."

"ಹೇಗಾಯ್ತು ಅಂತ ಅವಳೇ ಕೇಳಿದ್ರೆ?"

"ಪಿನ್ನು ಮುರೀತು ಅಂತೀನಿ. ಮೂರು ಕಾಸಿನ ಪಿನ್ನು ತಂದು ಹಾಕಿದ್ದೆ, ಮುರೀತು. ಅಷ್ಟೇ."

ಅವಳು ಅಂಗಿಯ ತುದಿ ಬಿಟ್ಟಳು.

ಇಲಿ ನಮ್ಮ ಒಬ್ಬಳೇ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ನಡೆಯುವುದಕ್ಕೆ ಮೊದಲೇ ಕಾರಿನ ಕೆಳಗೆ ತೆವಳಿಕೊಂಡು ಹೋಗಿ ಗ್ರೀಸು ಮೆತ್ತಿಕೊಂಡು ಬರುತ್ತಿದ್ದುದರಿಂದ ಆ ಹೆಸರು. ಕಾರೆಂದರೆ ಬಾಡಿಗೆ ಶೆಡ್ಡಿನಲ್ಲಿ ನಾನಿಟ್ಟುಕೊಂಡಿದ್ದ ಹಳೆಯ ಮಸಲ್ ಕಾರು. ಎರಡೇ ಬಾಗಿಲು, ಉದ್ದ ಮೂತಿ, ಎಂಟು ಸಿಲಿಂಡರಿನ ಎಂಜಿನ್ನು. ಮದುವೆಗೆ ಮುಂಚೆ ಗುಜರಿಯಿಂದ ಎಳೆದು ತಂದಿದ್ದೆ. ಬಾಟಲಿ ಕಾರ್ಖಾನೆಯಲ್ಲಿ ಬೆಲ್ಟು ರಿಪೇರಿ ಮಾಡಿ ಉಳಿದ ಹೊತ್ತೆಲ್ಲ ಅದರ ಪಾಲು. ಹೆಂಡತಿ ಅದನ್ನು ಸವತಿ ಎಂದೇ ಕರೆಯುತ್ತಿದ್ದಳು. "ಸವತಿಗೆ ಹೊಸ ಟಯರಂತೆ, ನನಗೆ ಹಳೇ ಚಪ್ಪಲಿ," ಎನ್ನುತ್ತ ಅದೇ ಚಪ್ಪಲಿ ಮೆಟ್ಟಿಕೊಂಡು ಬಂದು ಬಾಗಿಲಿಗೆ ಬಣ್ಣ ಬಳಿದು ಕೊಡುತ್ತಿದ್ದಳು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕೆಲಸ. ಏಣಿ ಹತ್ತಿ ಆಳೆತ್ತರದ ಅಕ್ಷರ ಬರೆದರೂ ಗೆರೆ ಒಂದು ಕೂದಲೆಳೆ ಅಲುಗುತ್ತಿರಲಿಲ್ಲ.

ಆ ಕಾರಿನ ಮೂಲ ಬಾನೆಟ್ಟಿನ ಬೀಗ ತುಕ್ಕು ಹಿಡಿದು ಪುಡಿಯಾಗಿತ್ತು. ಅದರ ಬದಲಿಗೆ ಪಿನ್ನು ಹಾಕಿದ್ದೆ. ಮೂತಿಯ ಎರಡೂ ಕಡೆ ಬೆರಳಿನಂಥ ಒಂದೊಂದು ಸರಳು ನಿಂತಿರುತ್ತದೆ. ಬಾನೆಟ್ಟು ಇಳಿಸಿದಾಗ ಸರಳಿನ ತುದಿ ತೂತಿನಿಂದ ಮೇಲೆ ಬರುತ್ತದೆ. ಆ ತುದಿಯಲ್ಲಿ ಅಡ್ಡಕ್ಕೊಂದು ಸಣ್ಣ ಕಣ್ಣು. ಅದರೊಳಗೆ ತಂತಿಯ ಕ್ಲಿಪ್ಪು ತೂರಿಸಿದರೆ ಬಾನೆಟ್ಟು ಭದ್ರ. ತೂರಿಸದಿದ್ದರೆ ಗಾಳಿಯ ಕೈಗೆ ತಟ್ಟೆ ಕೊಟ್ಟ ಹಾಗೆ.

ಬಲಗಡೆಯದು ನನ್ನದು, ಎಡಗಡೆಯದು ಇಲಿಯದು. ಹಾಗೆಂದು ಅವಳೇ ಹಂಚಿದ್ದಳು. ನಾನು ತೂರಿಸಿ "ಬಲ ಸರಿ" ಎನ್ನಬೇಕು, ಅವಳು ತೂರಿಸಿ "ಎಡ ಸರಿ" ಎಂದು ಕೂಗಬೇಕು. ಎರಡೂ ಕೂಗು ಬೀಳದೆ ಯಾರೂ ಹತ್ತುವಂತಿಲ್ಲ. ಕಾರ್ಖಾನೆಯಲ್ಲಿ ಬೆಲ್ಟು ಚಾಲೂ ಮಾಡುವ ಮುಂಚೆ ನಾವು ಎರಡು ತುದಿಯಲ್ಲಿ ನಿಂತು ಹೀಗೇ ಕೂಗುತ್ತೇವೆ. ಅಲ್ಲಿ ಒಬ್ಬನ ಕೂಗನ್ನು ಇನ್ನೊಬ್ಬ ಹೋಗಿ ಪರೀಕ್ಷಿಸಿದರೆ ಅದು ಅವಮಾನ. ಆ ಮರ್ಯಾದೆಯನ್ನು ನಾನು ಒಂಬತ್ತು ವರ್ಷದ ಮಗುವಿಗೂ ಕೊಟ್ಟುಬಿಟ್ಟಿದ್ದೆ.

ಆ ದಿನ ಅವಳು ಕ್ಲಿಪ್ಪು ಕೈಗೆತ್ತಿಕೊಂಡಾಗಲೇ ಅಮ್ಮ ಸ್ವೆಟರು ಹಿಡಿದು ಕರೆದಳು. ಇಲಿ "ಎಡ ಸರಿ" ಎಂದು ಕೂಗುತ್ತಲೇ, ಕ್ಲಿಪ್ಪು ತೂರಿಸದೆ ಓಡಿದಳು. ಹೆದ್ದಾರಿಯಲ್ಲಿ ವೇಗ ಏರಿದಾಗ ಬಾನೆಟ್ಟಿನ ಎಡ ಅಂಚು ಒಮ್ಮೆ ಉಸಿರಾಡಿದಂತೆ ಎದ್ದಿತು. ಮರುಕ್ಷಣ ಬಲಗಡೆಯದನ್ನೂ ಹರಿದುಕೊಂಡು ಗಾಜಿಗೆ ಬಂದು ಬಡಿಯಿತು. ಕಾರು ಸೇತುವೆಯ ಕಟ್ಟೆಗೆ ಗುದ್ದಿತು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದ ಇಲಿಗೆ ಒಂದು ಗೀರೂ ಆಗಲಿಲ್ಲ. ನನಗೆ ಹಣೆಯಲ್ಲಿ ನಾಲ್ಕು ಹೊಲಿಗೆ. ಹೆಂಡತಿಯ ಬಲತೋಳು ಆಮೇಲೆ ಭುಜದಿಂದ ಮೇಲೆ ಏಳಲಿಲ್ಲ. ಅವಳು ಏಣಿ ಮಾರಿದಳು. ಮೇಜಿನ ಮೇಲೆ ಕೂತು ಮನೆ ಬಾಗಿಲಿಗೆ ಹಾಕುವ ಅಂಗೈಯಗಲದ ಫಲಕ ಬರೆದುಕೊಂಡು ಏಳು ವರ್ಷ ಕಳೆದಳು. ಎರಡು ವರ್ಷದ ಹಿಂದೆ ಶ್ವಾಸಕೋಶದ ಕಾಯಿಲೆಯಲ್ಲಿ ತೀರಿಕೊಂಡಳು. ಅದಕ್ಕೂ ತೋಳಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಇಲಿ ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಮೂರು ಕಾಸಿನ ಪಿನ್ನಿನ ಕತೆಯನ್ನು ಮಾತ್ರ ನಂಬಿದಳು. ಚಿಕ್ಕವಳಿದ್ದಾಗ ಏನೂ ಅನ್ನುತ್ತಿರಲಿಲ್ಲ. ಹದಿಮೂರು ದಾಟಿದ ಮೇಲೆ ಶುರುವಾಯಿತು. ನಾನು ಕೊಡೆ ತಂದರೆ, "ಇದೂ ಪಿನ್ನಿನ ಜಾತಿಯದಾ?" ಎನ್ನುವಳು. ಕುಕ್ಕರಿನ ರಬ್ಬರು ಬದಲಿಸಿದರೆ, "ಅಪ್ಪ ತಂದಿದ್ದು ಅಂದ್ರೆ ದೂರ ನಿಂತ್ಕೊಳ್ಳಿ," ಎನ್ನುವಳು. ನಗುತ್ತಲೇ ಹೇಳುವಳು. ಅವಳಮ್ಮ ಒಮ್ಮೊಮ್ಮೆ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ಆ ಒಂದು ನೋಟ ನನಗೆ ಸಾಕಾಗುತ್ತಿತ್ತು, ಗೊತ್ತಿರುವವಳು ಒಬ್ಬಳಾದರೂ ಇದ್ದಾಳಲ್ಲ ಎಂದು. ಅವಳು ಹೋದ ಮೇಲೆ ಊಟದ ಮೇಜಿನಲ್ಲಿ ಅವಳ ಕುರ್ಚಿಯ ಕಡೆ ನಾನು ನೋಡುವುದನ್ನೇ ಬಿಟ್ಟೆ.

ಕಾರನ್ನು ಮತ್ತೆ ಎಬ್ಬಿಸೋಣ ಎಂದದ್ದು ಇಲಿಯೇ. ಅಮ್ಮ ಕೊನೆಯ ವಾರ, "ಸವತೀನ ಮಾರಬೇಡಿ, ಪಾಪ," ಎಂದಿದ್ದಳಂತೆ. ಎರಡು ವರ್ಷ, ಪ್ರತಿ ಭಾನುವಾರ, ನಾವಿಬ್ಬರೂ ಶೆಡ್ಡಿನಲ್ಲಿ ಇರುತ್ತಿದ್ದೆವು. ಮಾತು ಕಡಿಮೆ. ಹದಿನಾಲ್ಕರ ಸ್ಪ್ಯಾನರು ಕೊಡು, ದೀಪ ಈಚೆ ಹಿಡಿ, ಊದು. ವಾರದ ಉಳಿದ ದಿನ ನಾನು ಪಾಳಿ ಮುಗಿಸಿ ಬರುವಷ್ಟರಲ್ಲಿ ಅವಳು ಕೋಣೆಯ ಬಾಗಿಲು ಹಾಕಿಕೊಂಡಿರುತ್ತಿದ್ದಳು. ನಾನು ಅನ್ನಕ್ಕಿಟ್ಟು, ಅವಳ ತಟ್ಟೆಗೆ ಮುಚ್ಚಳ ಮುಚ್ಚಿ, ಬಟ್ಟೆ ಒಗೆದು ಹರವಿ ಮಲಗುತ್ತಿದ್ದೆ. ಭಾನುವಾರದ ಆ ಸ್ಪ್ಯಾನರಿನ ಮಾತೇ ನನಗೆ ಮಾತು.

ಕೊನೆಗೆ ಹೊಸ ಬಾನೆಟ್ಟು ಬಂತು. ಅವಳ ಲೈಸೆನ್ಸೂ ಬಂತು. ಉಳಿದದ್ದು ಪಿನ್ನು.

"ಪಿನ್ನು ನಾನು ಆರಿಸ್ತೀನಿ," ಎಂದಳು ಇಲಿ. "ನೀನು ಬರೀ ಜೊತೆಗೆ ಬಾ. ಬಾಯಿ ಬಿಡಬೇಡ."

ನಟ್ಟು ಬೋಲ್ಟಿನ ಅಂಗಡಿಯ ಮುದುಕನಿಗೆ ನಮ್ಮ ಕಡೆ ನಟ್ಟಜ್ಜ ಎಂದೇ ಹೆಸರು. ಅಂಗಡಿ ಒಂದು ಓಣಿಯಷ್ಟು ಅಗಲ. ಗೋಡೆಯುದ್ದಕ್ಕೂ ಸಾವಿರ ಡಬ್ಬಿ, ಯಾವುದರ ಮೇಲೂ ಚೀಟಿಯಿಲ್ಲ. ಅವನು ಕೈ ಹಾಕಿದ ಡಬ್ಬಿಯಲ್ಲಿ ಕೇಳಿದ ಸಾಮಾನು ಇರುತ್ತದೆ.

"ಬಾನೆಟ್ ಪಿನ್ನು ಬೇಕು, ತಾತ. ಬಿಚ್ಚಿಕೊಳ್ಳಬಾರದು, ಮುರೀಬಾರದು."

"ಬಿಚ್ಚಿಕೊಳ್ಳಲೇಬಾರದು ಅಂದ್ರೆ ವೆಲ್ಡಿಂಗ್ ಮಾಡಿಸ್ಕೊಂಡು ಬಿಡು, ಮಗಳೇ. ಎಂಜಿನ್ನಿಗೆ ಎಣ್ಣೆ ಹಾಕೋಕೆ ಹೊಗೆಕೊಳವೆ ಇದೆಯಲ್ಲ!"

ಇಲಿ ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ನಾನೂ ನಕ್ಕೆ.

ನಟ್ಟಜ್ಜ ನಾಲ್ಕು ಬಗೆ ತೆಗೆದು ಗಲ್ಲಾದ ಮೇಲಿಟ್ಟ. ಮೊದಲನೆಯದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವನು ಜೇಬಿನಿಂದ ಆಯಸ್ಕಾಂತ ತೆಗೆದು ಮುಟ್ಟಿಸಿದ, ಟಕ್ಕನೆ ಅಂಟಿತು. "ನೋಡು, ಒಳಗೆ ಬಡ ಕಬ್ಬಿಣ, ಮೇಲೆ ಥಳಕು. ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತೆ. ಮದುವೆ ಗಂಡು ನೋಡೋವಾಗ್ಲೂ ಒಂದು ಆಯಸ್ಕಾಂತ ಇಟ್ಕೊ." ಎರಡನೆಯದು ಕೆಂಪು ಬಣ್ಣದ ಅಲ್ಯೂಮಿನಿಯಂ. "ಇದು ಆಟದ ಸಾಮಾನು. ಕಣ್ಣು ಬೇಗ ಸವೆದು ದೊಡ್ಡದಾಗುತ್ತೆ." ಮೂರನೆಯದು ಒತ್ತಿದರೆ ಒಳಗೇ ಬೀಗ ಬೀಳುವಂಥದು, ಕೀಲಿಯೂ ಇತ್ತು. "ಚೆನ್ನಾಗಿದೆ. ಆದ್ರೆ ಬೀಗ ಬಿತ್ತೋ ಇಲ್ವೋ ಹೊರಗಿಂದ ಕಾಣಲ್ಲ. ಧೂಳು ಕೂತ್ರೆ ಸುಳ್ಳು ಹೇಳುತ್ತೆ." ನಾಲ್ಕನೆಯದು ದಪ್ಪ ಸ್ಟೇನ್‌ಲೆಸ್ ಸರಳು, ಮಂಕು ಬೂದಿ ಬಣ್ಣ. ಆಯಸ್ಕಾಂತ ಜಾರಿ ಬಿತ್ತು. ಕ್ಲಿಪ್ಪಿನ ತಂತಿಯನ್ನು ಅಗಲಿಸಿ ಬಿಟ್ಟರೆ ಇಲಿಬೋನಿನ ಹಾಗೆ ಹಿಂದಕ್ಕೆ ಬಡಿಯಿತು. "ಇದು ನೋಡೋಕೆ ಪೆದ್ದು. ಹಾಕಿದ್ರೆ ಹಾಕಿದೆ ಅಂತ ಕಾಣುತ್ತೆ, ಹಾಕದಿದ್ರೆ ಹಾಕಿಲ್ಲ ಅಂತ ಕಾಣುತ್ತೆ. ನಾನಾದ್ರೆ ಇದೇ ತಗೋತೀನಿ."

"ಇದೇ ಕೊಡಿ. ಅಳತೆ ಇದಕ್ಕೆ ಹೊಂದುತ್ತಾ ನೋಡಿ," ಎಂದು ಇಲಿ ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದಳು. ಅದರಲ್ಲಿ ಅವೆರಡು ಹಳೆಯ ಪಿನ್ನುಗಳಿದ್ದವು.

ಅವನ್ನು ನಾನು ಯಾಕೆ ಎಸೆಯಲಿಲ್ಲವೋ ಇವತ್ತಿಗೂ ಹೇಳಲಾರೆ. ಶೆಡ್ಡಿನ ಅಟ್ಟದ ಮೇಲೆ, ತುಕ್ಕು ಮೊಳೆಗಳ ಕೆಳಗೆ ಇಟ್ಟಿದ್ದೆ. ಇಲಿಗೆ ಸಿಕ್ಕಿತ್ತು.

ನಟ್ಟಜ್ಜ ಕನ್ನಡಕ ಹಣೆಗೇರಿಸಿ ಒಂದನ್ನು ಬೆಳಕಿಗೆ ಹಿಡಿದ. ಅದು ಬಾಗಿತ್ತು. ಅದರ ಕಣ್ಣು ಹರಿದು ಬಾಯಿ ತೆರೆದುಕೊಂಡಿತ್ತು. ಇನ್ನೊಂದನ್ನು ಹಿಡಿದ. ನೆಟ್ಟಗಿತ್ತು. ಕಣ್ಣು ಗುಂಡಗೆ, ಹೊಸದರ ಹಾಗೆ.

"ಏನಾಗಿತ್ತು ಇದಕ್ಕೆ?"

"ಓಡ್ತಾ ಇರೋವಾಗ ಬಾನೆಟ್ಟು ಎದ್ದು ಬಿತ್ತು. ಪಿನ್ನು ಮುರೀತು. ಅಗ್ಗದ್ದು," ಎಂದಳು ಇಲಿ, ನನ್ನ ಕಡೆ ನೋಡದೆ.

"ಯಾರು ಹೇಳಿದ್ದು ಅಗ್ಗದ್ದು ಅಂತ? ಒಳ್ಳೇ ಉಕ್ಕು ಇದು. ಇಂಥದು ಈಗ ಬರಲ್ಲ." ಅವನು ನೆಟ್ಟಗಿದ್ದುದನ್ನು ಅವಳ ಅಂಗೈಯಲ್ಲಿಟ್ಟ. "ಈ ಬಾಗಿರೋದು ಜೀವ ಹೋಗೋವರೆಗೂ ಹಿಡಿದುಕೊಂಡಿದೆ, ಪಾಪ. ಇದು ಮಾತ್ರ ಏನೂ ಹಿಡಿದೇ ಇಲ್ಲ. ಕಣ್ಣು ನೋಡು. ಇದಕ್ಕೆ ಕ್ಲಿಪ್ಪೇ ಹಾಕಿಲ್ಲ, ಯಾರೋ ಮರೆತಿದ್ದಾರೆ. ಪಿನ್ನಿನ ತಪ್ಪಲ್ಲ ಕಣಮ್ಮ."

ಅವನು ಹೊಸದನ್ನು ಕಟ್ಟಲು ಕಾಗದ ಹುಡುಕಿಕೊಂಡು ಒಳಗೆ ಹೋದ.

ಇಲಿ ಅಂಗೈ ನೋಡುತ್ತ ನಿಂತಳು. ಎರಡೂ ಪಿನ್ನು ಒಂದೇ ಅಚ್ಚಿನವು. ಯಾವುದು ಯಾವ ಕಡೆಯದು ಎಂದು ಅವುಗಳನ್ನು ಬಿಚ್ಚಿದವನಿಗೆ ಮಾತ್ರ ಗೊತ್ತು. ಬಿಚ್ಚಿದವನು ನಾನು.

"ಅಪ್ಪ."

"ಹೂಂ."

"ಇದು ಯಾವ ಕಡೇದು?"

ಅವಳ ಮುಖದ ಬಣ್ಣ ಇಳಿದಿತ್ತು. ಹತ್ತೊಂಬತ್ತಕ್ಕೆ ಹತ್ತಿರದವಳು ನನ್ನ ಕಣ್ಣೆದುರೇ ಚಿಕ್ಕವಳಾದಳು.

"ಎಡಗಡೇದು ನಾನು ಹಾಕ್ತಿದ್ದೆ," ಎಂದಳು ಮೆಲ್ಲಗೆ. "ಆ ದಿನ ಹಾಕಿದ್ನಾ? ನನಗೆ ನೆನಪೇ ಇಲ್ಲ. ಅಮ್ಮ ಸ್ವೆಟರ್ ಹಾಕಿದ್ದು ನೆನಪಿದೆ, ಅದಕ್ಕೆ ಮುಂಚಿನದು ಇಲ್ಲ. ನಾನು ಹಾಕಿದ್ನಾ ಅಪ್ಪ?"

ಹೇಳಿಬಿಡಬಹುದಿತ್ತು. ಸುಳ್ಳನ್ನು ಹೊತ್ತು ಹೊತ್ತು ಬೆನ್ನು ಬಾಗಿತ್ತು, ಇಳಿಸಿದರೆ ಸಾಕಿತ್ತು. ಮಗು ನೀನು, ತಪ್ಪು ನಿನ್ನದಲ್ಲ, ನೋಡಬೇಕಾದವನು ನಾನು ಎಂದು ತಬ್ಬಿಕೊಳ್ಳಬಹುದಿತ್ತು. ಅವಳು ಅತ್ತಾಳು, ನಾನೂ ಅತ್ತೇನು, ಮನೆಯ ಆ ಮುಚ್ಚಿದ ಬಾಗಿಲು ತೆರೆದೀತು. ಅದೂ ನನಗೆ ಆಸೆಯಾಯಿತು. ಆದರೆ ಆಮೇಲೆ? ಏಣಿ ಮಾರಿದ ಅಮ್ಮ, ತಲೆ ಬಾಚಿಕೊಳ್ಳಲು ಮಗಳನ್ನೇ ಕರೆಯುತ್ತಿದ್ದ ಅಮ್ಮ, ಏಳು ವರ್ಷದ ಪ್ರತಿ ಬೆಳಗಿನ ಆ ಬಾಚಣಿಗೆ. ಅದನ್ನೆಲ್ಲ ಇವಳು ಇನ್ನೊಮ್ಮೆ, ಬೇರೆ ಕಣ್ಣಿನಿಂದ, ಮೊದಲಿನಿಂದ ನೋಡಬೇಕಾಗುತ್ತಿತ್ತು.

"ನೀನು ಹಾಕಿದ್ದೆ," ಎಂದೆ. "ಕೂಗಿದ್ದೆ ಕೂಡ. ನಿನ್ನ ಕ್ಲಿಪ್ಪು ನಾನು ಕಣ್ಣಾರೆ ನೋಡಿದ್ದೆ. ಇದು ಬಲಗಡೇದು."

"ನಿನ್ನದು."

"ನನ್ನದು."

ಅವಳು ಉಸಿರು ಬಿಟ್ಟಳು. ಆ ಉಸಿರಿನಲ್ಲಿ ಹೋದದ್ದು ಏನೆಂದು ನನಗೆ ಗೊತ್ತಾಯಿತು, ಅದಕ್ಕಾಗಿ ಒಂದು ಗಳಿಗೆ ಸುಖವೂ ಆಯಿತು. ಆಮೇಲೆ ಅವಳ ಮುಖ ಗಟ್ಟಿಯಾಯಿತು.

"ಅಂದ್ರೆ ಪಿನ್ನು ಮುರೀಲೇ ಇಲ್ಲ. ನೀನು ಮರೆತಿದ್ದು. ಮರೆತು, ಪಿನ್ನಿನ ಮೇಲೆ ಹಾಕಿ, ಇಷ್ಟು ವರ್ಷ ಸುಮ್ಮನಿದ್ದೆ."

"ಹೌದು."

"ಅಮ್ಮನಿಗೂ ಅದೇ ಹೇಳಿದ್ಯಾ?"

"ಹೂಂ."

"ಅಗ್ಗದ್ದು ತಂದಿದ್ದೆ ಅಂದ್ರೆ ಬಡತನ ಅಂದುಕೊಳ್ಳಬಹುದು ಅಪ್ಪ. ನಾನು ಅದಕ್ಕೇ ತಮಾಷೆ ಮಾಡ್ತಿದ್ದೆ. ತಮಾಷೆ ಮಾಡೋಕೆ ಆಗ್ತಿತ್ತು. ಇದಕ್ಕೆ ಏನು ಮಾಡಲಿ?"

ನಟ್ಟಜ್ಜ ಕಾಗದದೊಂದಿಗೆ ಬಂದ. ನಮ್ಮಿಬ್ಬರ ಮುಖ ನೋಡಿ, ಬಾಯಿ ತುದಿಗೆ ಬಂದಿದ್ದ ಜೋಕನ್ನು ನುಂಗಿ, ಪಿನ್ನು ಕಟ್ಟಿ ಕೊಟ್ಟ.

ಮುಂದಿನ ಭಾನುವಾರ ಇಲಿ ನನಗಾಗಿ ಕಾಯದೆ ಶೆಡ್ಡಿಗೆ ಹೋಗಿದ್ದಳು. ನಾನು ಹೋಗುವಷ್ಟರಲ್ಲಿ ಸರಳುಗಳನ್ನು ಕೂರಿಸಿ, ಅವುಗಳ ತುದಿಗೆ ಟೂತ್‌ಪೇಸ್ಟು ಹಚ್ಚಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಎತ್ತಿದ್ದಳು. ಒಳಮೈಯಲ್ಲಿ ತೂತು ಕೊರೆಯಬೇಕಾದ ಜಾಗದಲ್ಲಿ ಎರಡು ಬಿಳಿ ಚುಕ್ಕೆ ಮೂಡಿದ್ದವು. ಸ್ಪ್ಯಾನರು ಕೊಡಲು ಕೈ ಚಾಚಿದೆ.

"ಬೇಡ," ಎಂದಳು. "ಇನ್ಮೇಲೆ ಈ ಕಾರಿಗೆ ನೀನು ಕೈ ಹಾಕಬೇಡ ಅಪ್ಪ. ಸಿಟ್ಟಲ್ಲಿ ಹೇಳ್ತಿಲ್ಲ. ಭಯಕ್ಕೆ ಹೇಳ್ತಿದೀನಿ."

ನಾನು ಬಾಗಿಲ ಹತ್ತಿರದ ಬಣ್ಣದ ಡಬ್ಬದ ಮೇಲೆ ಕೂತು ನೋಡಿದೆ. ಅಚ್ಚುಕಟ್ಟಾದ ಕೈ, ಅವಳಮ್ಮನ ಕೈ. ಡ್ರಿಲ್ಲು ಒಂದು ಕೂದಲೆಳೆ ಅಲುಗಲಿಲ್ಲ. ಕೊರೆದ ಅಂಚನ್ನು ಅರದಿಂದ ಉಜ್ಜಿ, ಬೆರಳಾಡಿಸಿ ನೋಡಿ, ತುಕ್ಕು ಹಿಡಿಯದಂತೆ ಪ್ರೈಮರು ಹಚ್ಚಿದಳು. ಒಣಗಿದ ಮೇಲೆ ಎರಡೂ ಕ್ಲಿಪ್ಪನ್ನು ತಾನೇ ತೂರಿಸಿದಳು, ಒಂದೊಂದನ್ನೂ ಮೂರು ಮೂರು ಸಲ ಎಳೆದು ನೋಡಿದಳು. ನಂತರ ಹತ್ತಿ ಕೂತು ಚಾಲೂ ಮಾಡಿದಳು. ಶೆಡ್ಡಿನ ತಗಡೆಲ್ಲ ನಡುಗಿತು.

ಮೊದಲ ಸುತ್ತು ಇಬ್ಬರೂ ಹೋಗುವುದೆಂದು ಎರಡು ವರ್ಷದಿಂದ ಅಂದುಕೊಂಡಿದ್ದೆ. ಅದಕ್ಕೆಂದು ಪಾಳಿ ಕೂಡ ಬದಲಿಸಿಕೊಂಡಿದ್ದೆ.

"ನಾನೂ ಬರಲಾ?"

ಅವಳು ಕನ್ನಡಿ ಸರಿಪಡಿಸಿದಳು. "ಒಬ್ಬಳೇ ಹೋಗಿ ಬರ್ತೀನಿ," ಎಂದಳು. "ಊಟಕ್ಕೆ ಕಾಯಬೇಡ."

ಕಾರು ರಸ್ತೆಗಿಳಿದು ಮೂಲೆ ತಿರುಗಿತು. ಬಾನೆಟ್ಟು ಅಲುಗಲಿಲ್ಲ. ಸದ್ದು ಕೇಳುವಷ್ಟು ಹೊತ್ತು ನಿಂತಿದ್ದೆ. ಆಮೇಲೆ ಶೆಡ್ಡಿನ ನೆಲಕ್ಕೆ ಬಿದ್ದಿದ್ದ ಕಬ್ಬಿಣದ ಪುಡಿ ಗುಡಿಸಿ, ಬಾಗಿಲು ಎಳೆದುಕೊಂಡು, ಮನೆಗೆ ನಡೆದು ಬಂದೆ.

ಇಲಿಗೆ ನಾನು ಹೇಳಲಿಲ್ಲ. ಅವಳಮ್ಮನಿಗೆ ಕೊಟ್ಟ ಮಾತು ಉಳಿಸಿಕೊಂಡೆ.