ಅರವತ್ತೊಂದರಲ್ಲಿ ಅರ್ಧ

ನಮ್ಮ ಆಸ್ಪತ್ರೆಯ ಮಕ್ಕಳ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ಇದುವರೆಗೆ ಹತ್ತು ಲಕ್ಷ ಮಕ್ಕಳ ಉಸಿರು ನನ್ನ ಕೈ ಹಾದು ಹೋಗಿದೆ. ಊರಿನಲ್ಲಿ ಅಷ್ಟು ಮಕ್ಕಳೇ ಇಲ್ಲ ಎನ್ನುವುದು ಬೇರೆ ಮಾತು. ಯಂತ್ರವೊಂದು ಕೆಮ್ಮಿದರೆ ಕ್ಯಾಂಟೀನಿನಲ್ಲಿ ಕುಳಿತೇ ಅದರ ಜಾತಕ ಹೇಳಬಲ್ಲೆ.

ಈ ನನ್ನ ಪ್ರತಿಭೆಯಿಂದಾಗಿ ಥಿಯೇಟರಿನಲ್ಲಿ ಒಂದು ಕೆಟ್ಟ ಪದ್ಧತಿ ಬೇರೂರಿತ್ತು. ನಾನು ಏನೇ ಹೇಳಿದರೂ ಅರ್ಧಕ್ಕೆ ಇಳಿಸಿ ಕೇಳುವುದು. ಇಪ್ಪತ್ತು ಸಲ ಫೋನ್ ಮಾಡಿದೆ ಎಂದರೆ ಹತ್ತು. ಮನೆಯ ಬೆಕ್ಕು ಎಂಟು ಕೆಜಿ ಎಂದರೆ ನಾಲ್ಕು. ಪೂರ್ತಿ ನಂಬಿದವಳು ನನ್ನ ಹೆಂಡತಿ ಒಬ್ಬಳೇ, ಅದೂ ಮದುವೆಗೆ ಮುಂಚೆ ನಾನು ಹೇಳಿದ ನನ್ನ ಎತ್ತರವನ್ನು.

ಆ ದಿನ ಮೇಜಿನ ಮೇಲೆ ಹತ್ತು ತಿಂಗಳ ಹೆಣ್ಣುಮಗು. ಮೂತ್ರಪಿಂಡದಿಂದ ಮೂತ್ರ ಇಳಿಯುವ ದಾರಿ ಕಟ್ಟಿಕೊಂಡಿತ್ತು, ಕೀಹೋಲ್ ಆಪರೇಷನ್. ಹೊಟ್ಟೆಯಲ್ಲಿ ಮೂರು ಪುಟ್ಟ ತೂತು ಮಾಡಿ, ಒಳಗೆ ಕಣ್ಣಾಡಿಸಲು ಜಾಗವಾಗಲೆಂದು ಕಾರ್ಬನ್ ಡೈಆಕ್ಸೈಡ್ ತುಂಬಿ ಬಲೂನಿನಂತೆ ಉಬ್ಬಿಸುತ್ತಾರೆ. ಆ ಅನಿಲವೋ ಕರೆಯದೆ ಬಂದ ನೆಂಟ. ಕೂರಿಸಿದಲ್ಲಿ ಕೂರದೆ ರಕ್ತದೊಳಕ್ಕೂ ನುಗ್ಗುತ್ತದೆ, ಮಗು ಚಿಕ್ಕದಾದಷ್ಟೂ ಬೇಗ. ಉಸಿರಿನ ಮೂಲಕ ಅದನ್ನು ಹೊರಗಟ್ಟುತ್ತಾ, ಎಷ್ಟು ಉಳಿದಿದೆಯೆಂದು ಅಳೆಯುತ್ತಾ ಇರಬೇಕು. ಮಿತಿ ಮೀರಿದರೆ ಬೊಗಸೆಗಿಂತ ಚಿಕ್ಕ ಹೃದಯ ತಾಳ ತಪ್ಪುತ್ತದೆ.

ಅಳೆಯಲು ಎರಡು ಸಾಧನಗಳಿದ್ದವು. ಒಂದು, ಮಗುವಿನ ಉಸಿರಿನ ಪೈಪಿಗೆ ಸಿಕ್ಕಿಸಿದ ಸಣ್ಣ ಕೊಳವೆ. ಹೊರಬಂದ ಉಸಿರನ್ನು ಅದು ಹೀರಿ ಅರಿವಳಿಕೆ ಡಾಕ್ಟರ್ ಮೇಡಂ ಅವರ ಪರದೆಯಲ್ಲಿ ಅಂಕಿ ತೋರಿಸುತ್ತದೆ. ಇನ್ನೊಂದು, ಎದೆಗೆ ಅಂಟಿಸಿದ ಬೆಚ್ಚಗಿನ ಬಿಲ್ಲೆ. ಚರ್ಮದ ಮೂಲಕವೇ ಲೆಕ್ಕ ಹೇಳುತ್ತದೆ. ಅದರ ಪರದೆ ನನ್ನ ಕಡೆಗೆ. ಆ ಬಿಲ್ಲೆಗಾಗಿ ಮೇಲಿನವರ ಬಾಗಿಲನ್ನು ನೂರು ವರ್ಷ ತಟ್ಟಿದ್ದೆ.

ಒಂದು ಗಂಟೆ ಕಳೆದಿತ್ತು. ನನ್ನ ಪರದೆ ನೋಡಿ ಹೇಳಿದೆ, “ಮೇಡಂ, ಅರವತ್ತೊಂದು.”

ನಲವತ್ತರ ಆಸುಪಾಸು ಇರಬೇಕಾದ ಅಂಕಿ ಅದು.

ಸರ್ಜನ್ ಸಾಹೇಬರು ತಲೆಯೆತ್ತಲಿಲ್ಲ. “ಅಂದ್ರೆ ಮೂವತ್ತು. ಚೆನ್ನಾಗಿದೆ. ಸಿಸ್ಟರ್, ಇನ್ನೊಂಚೂರು ಗ್ಯಾಸ್ ತುಂಬಿ.”

ಸಿಸ್ಟರ್ ಮಾಸ್ಕಿನೊಳಗೇ ನಕ್ಕಳು.

“ಸಾರ್, ಇದು ನಾನು ಹೇಳ್ತಿರೋದಲ್ಲ, ಮಷೀನು.”

“ನಿನ್ನ ಜೊತೆ ಇದ್ದೂ ಇದ್ದೂ ಅದೂ ಕಲ್ತಿದೆ ಬಿಡಪ್ಪ.”

ಮೇಡಂ ಮಾತ್ರ ನಗಲಿಲ್ಲ. “ನಂದು ಮೂವತ್ತೆಂಟು ತೋರಿಸ್ತಿದೆ. ನಿನ್ನ ಬಿಲ್ಲೆ ಸರಿಯಾಗಿ ಅಂಟಿದ್ಯಾ ನೋಡು.”

ಅಂಟಿತ್ತು. ಅರವತ್ತಮೂರಾಯಿತು. ಇಲಿ ಕಂಡರೆ ಹುಲಿ ಬಂತೆಂದು ಕೂಗಿ ಕೂಗಿ, ಹುಲಿಯೇ ಬಂದು ನಿಂತಾಗ ಕೇಳುವವರಿಲ್ಲದ ಸ್ಥಿತಿ ನನ್ನದು. ನನ್ನ ಕಣ್ಣು ಮೇಡಂ ಪರದೆಯಿಂದ ಕೊಳವೆ ಹಿಡಿದು ಮಗುವಿನ ಬಾಯಿಯವರೆಗೂ ನಡೆದುಹೋಯಿತು. ಕೊಳವೆಯ ಜೋಡಣೆ ಅರ್ಧ ಸುತ್ತು ಸಡಿಲವಿತ್ತು. ಬೆಳಿಗ್ಗೆ ಅದನ್ನು ತಿರುಗಿಸುತ್ತಿದ್ದಾಗ, ಹಿಂದೊಮ್ಮೆ ಬರೀ ಹೇರ್‌ಪಿನ್ನಿನಿಂದ ವೆಂಟಿಲೇಟರ್ ರಿಪೇರಿ ಮಾಡಿದ ಕಥೆಯನ್ನು ಸಿಸ್ಟರ್‌ಗೆ ಹೇಳುತ್ತಿದ್ದೆ. ಕಥೆ ಮುಗಿದಿತ್ತು, ಸುತ್ತು ಮುಗಿದಿರಲಿಲ್ಲ. ಹಾಲಿಗೆ ನೀರು ಬೆರೆತಂತೆ ಉಸಿರಿಗೆ ಕೋಣೆಯ ಗಾಳಿ ಬೆರೆತು ಅಂಕಿ ತೆಳ್ಳಗಾಗಿತ್ತು.

ಎರಡು ಬೆರಳಿನಲ್ಲಿ ಸದ್ದಿಲ್ಲದೆ ಬಿಗಿದುಬಿಡಬಹುದಿತ್ತು. ಸುಳ್ಳೇಕೆ ಹೇಳಲಿ, ಕೈ ಅತ್ತ ಹೊರಟೂ ಇತ್ತು. ಆದರೆ ಆಗ ಮೇಡಂ ಪರದೆಯ ಅಂಕಿ ಒಮ್ಮೆಲೇ ಜಿಗಿಯುತ್ತದೆ. ಮಗುವಿಗೆ ಈ ಕ್ಷಣ ಏನೋ ಆಯಿತೆಂದು ಎಲ್ಲರೂ ಇಲ್ಲದ ಕಾಯಿಲೆ ಹುಡುಕುತ್ತಾರೆ. ಅಷ್ಟು ಹೊತ್ತು ಆ ಪುಟ್ಟಿಗಿರಲಿಲ್ಲ.

“ಮೇಡಂ, ಕೊಳವೆ ಸಡಿಲ ಇದೆ. ಬೆಳಿಗ್ಗೆ ನಾನೇ ಸರಿಯಾಗಿ ಹಾಕಿಲ್ಲ. ಗಾಳಿ ಸೇರಿ ನಿಮ್ಮದು ಕಮ್ಮಿ ತೋರಿಸ್ತಿದೆ. ತಪ್ಪು ನಂದು.”

ಸರ್ಜನ್ ಸಾಹೇಬರ ಕೈ ನಿಂತಿತು. ಮೊದಲ ಸಲ ತಲೆಯೆತ್ತಿದರು. “ಮೇಡಂ, ಇದು ನಿಜಾನೇ ಇರ್ಬೇಕು. ಇಂಥ ಸುಳ್ಳನ್ನ ಇವನು ಹೇಳೋನಲ್ಲ.”

ಮೇಡಂ ಆಗಲೇ ಜೋಡಣೆ ಬಿಗಿದಿದ್ದರು. ಅವರ ಪರದೆಯಲ್ಲಿ ಐವತ್ತಾರು, ಐವತ್ತೆಂಟು. “ಗ್ಯಾಸ್ ಪೂರ್ತಿ ಹೊರಗೆ ಬಿಡಿ ಸಾರ್,” ಎಂದು ಉಸಿರಿನ ವೇಗ ಹೆಚ್ಚಿಸಿದರು. ರಕ್ತದ ಹನಿ ಪರೀಕ್ಷೆಗೆ ಓಡಿತು. ಎರಡೇ ನಿಮಿಷಕ್ಕೆ ಉತ್ತರ ಬಂತು: ಅರವತ್ತೆರಡು. ಉಬ್ಬಿದ ಹೊಟ್ಟೆ ಇಳಿಯಿತು. ಎಲ್ಲರೂ ಕೈ ಕಟ್ಟಿ ನಿಂತರು.

“ಓದು,” ಎಂದರು ಮೇಡಂ.

“ಐವತ್ತೇಳು.” ಕೆಲವು ನಿಮಿಷ ಸರಿದವು. “ಐವತ್ತೊಂದು. ನಲವತ್ತನಾಲ್ಕು.”

ಆಮೇಲೆ ಕಡಿಮೆ ಗ್ಯಾಸಿನಲ್ಲೇ ಕೆಲಸ ಸಾಗಿತು. ಬಾಗಿಲ ಸಂದಿಯಲ್ಲಿ ಇಣುಕಿದ ಹಾಗಿದೆ ಎಂದು ಸಾಹೇಬರು ಗೊಣಗುತ್ತಲೇ ಹೊಲಿದರು, ಅದೂ ಅಂದವಾಗಿ. ಎಚ್ಚರವಾದ ಮಗು ಅತ್ತ ಅಳು ಏಳು ಬೀದಿಗೆ ಕೇಳಿಸಿತು. ಥಿಯೇಟರಿಗೆ ಕಿಟಕಿ ಇಲ್ಲದ್ದರಿಂದ ಗಾಜು ಉಳಿಯಿತು.

ದಾಖಲೆ ಹಾಳೆಯಲ್ಲಿ ನಾನೇ ಬರೆದೆ: ‘ಕೊಳವೆ ಸಡಿಲವಾಗಿತ್ತು. ಜೋಡಿಸಿದವನು ನಾನು.’

ಮೇಡಂ ಓದಿದರು. “ಇಷ್ಟೇನಾ? ನಿನ್ನ ಕೈಲಿ ಎರಡು ಪುಟ ಆಗುತ್ತೆ ಅಂದ್ಕೊಂಡಿದ್ದೆ.”

“ಇದಕ್ಕಿಂತ ಜಾಸ್ತಿ ನಡೆದಿಲ್ಲ ಮೇಡಂ.”

ಅವರು ಪೆನ್ನು ಕಿತ್ತುಕೊಂಡು ಕೆಳಗೆ ಇನ್ನೊಂದು ಸಾಲು ಬರೆದರು: ‘ಶುರುವಿಗೆ ಮುಂಚೆ ನಾನೂ ಪರೀಕ್ಷಿಸಿ ನೋಡಲಿಲ್ಲ.’ ಸಹಿ ಹಾಕಿ ಪೆನ್ನನ್ನು ನನ್ನ ಜೇಬಿಗೇ ಸಿಕ್ಕಿಸಿ, ಮಗುವಿನ ಅಮ್ಮನನ್ನು ಒಳಗೆ ಕರೆಯಲು ಹೋದರು.