ಶಿಕಾಗೋದ ಪೆಟ್ಟು, ಯಾನ್ಬುವಿನ ಪೆಟ್ಟಿಗೆ

‘ಜಾರಿ ಬಿದ್ದ’ ಎಂದು ಬರೆದರೆ ಸುಳ್ಳೇನೂ ಆಗುವುದಿಲ್ಲವಲ್ಲ, ಎಂದುಕೊಂಡ ಹಿಶಾಮ್. ಬಿದ್ದದ್ದಂತೂ ನಿಜ.

ಬೀಳುವ ಮೊದಲು, ಹಾರ್ನ್ ಹೊಡೆದನೆಂಬ ಸಿಟ್ಟಿಗೆ ಗೇಟಿನ ಕಾವಲಿನವನು ಬಸ್ ಚಾಲಕ ಇದ್ರೀಸನನ್ನು ಕೆಳಗಿಳಿಸಿ ತಲೆಗೆ ಎರಡೇಟು ಹಾಕಿದ್ದ. ಬಸ್ಸಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಎಚ್ಚರವಿದ್ದವನು ಹಿಶಾಮ್ ಒಬ್ಬನೇ.

ಸೌದಿಯ ಯಾನ್ಬುವಿನ ಆ ಪ್ಲಾಂಟಿನಲ್ಲಿ ಅವನು ಸೇಫ್ಟಿ ಆಫೀಸರ್. ಏಣಿ ಅಲುಗಿದರೂ ವರದಿ, ಯಾರಾದರೂ ಎಡವಿದರೂ ವರದಿ. ಅವನ ಫಾರಮಿನಲ್ಲಿ ಬಿದ್ದವನಿಗೊಂದು ಪೆಟ್ಟಿಗೆಯಿತ್ತು, ಬಿದ್ದ ನೆಲಕ್ಕೊಂದು ಪೆಟ್ಟಿಗೆಯಿತ್ತು. ಪೆಟ್ಟು ಕೊಟ್ಟವನಿಗೆ ಇರಲಿಲ್ಲ.

ಇದ್ರೀಸ್ ಬಂದ. ಸುಡಾನಿನವ. ಕಪ್ಪು ಹಣೆಗೆ ಬಿಳಿ ಬ್ಯಾಂಡೇಜ್.

“ಸದೀಕ್, ದೋಸ್ತ್, ನನ್ನ ತಪ್ಪು ಅಂತ ಬರೆದರೆ ಇವತ್ತೇ ಊರಿಗೆ ಕಳಿಸ್ತಾರೆ,” ಎಂದ ಹರಕು ಹಿಂದಿಯಲ್ಲಿ. “ನೀನು ನೋಡಿದ್ದೀಯಲ್ಲ?”

“ಬಿಸಿಲು ಕಣ್ಣಿಗೆ ಹೊಡೀತಿತ್ತು.”

“ಬೆಳಿಗ್ಗೆ ಐದಕ್ಕೆ?”

“ನೋಡುವಾ,” ಎಂದ, ನೋಡಿಯಾಗಿದ್ದವನು.

ಇಲ್ಲಿ ಉಳಿಯಲು ಬೇಕಾದ ಹಿಶಾಮನ ಇಕಾಮಾ ಪರವಾನಗಿ ಹೊಸದಾಗಲು ಕಂಪನಿಯ ಕೈಗೆ ಹೋಗಿ ಹನ್ನೊಂದು ದಿನವಾಗಿತ್ತು, ಇನ್ನೂ ಬಂದಿರಲಿಲ್ಲ. ಹಿಶಾಮ್ ಬರೆದು ಕಳಿಸಿದ: ಕಾರಣ: ಚಾಲಕನ ಅಜಾಗ್ರತೆ. ಸಾಕ್ಷಿ: ಇಲ್ಲ. ಸಲಹೆ: ಜಾರದ ಶೂ.

ಸಂಜೆ ಊರವರ ಸಂಘದಲ್ಲಿ ಅವನದೇ ಭಾಷಣ. ವಿಷಯ: ‘ಪೊಲೀಸ್ ದೌರ್ಜನ್ಯದ ಎದುರು ಶಿಕಾಗೋದ ಕಪ್ಪು ಜನ’.

“ಶಿಕಾಗೋ ಇಲ್ಲಿಂದ ದೂರ ಉಂಟಲ್ಲ ಮಾರಾಯಾ?” ಅಧ್ಯಕ್ಷ ಉಮ್ಮರಬ್ಬ ಬಾಗಿಲಲ್ಲೇ ವಿಚಾರಿಸಿದರು.

“ಹತ್ತು ಸಾವಿರ ಕಿಲೋಮೀಟರಿಗೂ ಜಾಸ್ತಿ ಉಮ್ಮರಬ್ಬಾಕ.”

“ಹಾಗಾದ್ರೆ ಧೈರ್ಯವಾಗಿ ಮಾತಾಡು.”

ಹಿಂದಿನ ಪರದೆಯ ಮೇಲೆ, ಮೆರವಣಿಗೆಯತ್ತ ಲಾಠಿ ಎತ್ತಿದ ಶಿಕಾಗೋ ಪೊಲೀಸನ ಚಿತ್ರ ಬಿಟ್ಟು ಮಾತಾಡಿದ. “ಠಾಣೆಯಲ್ಲಿ ಚಿತ್ರಹಿಂಸೆ ತಿಂದವರು ಬಾಯಿ ಮುಚ್ಚಲಿಲ್ಲ. ತಾಯಂದಿರು ದಶಕಗಟ್ಟಲೆ ಬೀದಿಗಿಳಿದರು. ಎರಡು ಸಾವಿರದ ಹದಿನೈದರಲ್ಲಿ ನಗರ ತಲೆಬಾಗಿ ಪರಿಹಾರ ಕೊಟ್ಟಿತು, ಶಾಲೆಯಲ್ಲಿ ಅದನ್ನು ಪಾಠ ಮಾಡಿತು. ಹೇಗೆ? ಯಾರೋ ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟದ್ದರಿಂದ!”

ಚಪ್ಪಾಳೆ. ಜೇಬಿನಲ್ಲಿ ಮೊಬೈಲ್ ನಡುಗಿತು. ರೂಮಿನ ಅಶ್ರಫ್: ‘ಇದ್ರೀಸ್ ಸಾಮಾನು ಕಟ್ಟುತ್ತಾ ಇದ್ದಾನೆ. ಕಂಡವರಿದ್ರೆ ಈಗ್ಲೂ ನಿಲ್ಲಿಸ್ಬಹುದಂತೆ. ನೀನು ಎಂತದಾದ್ರೂ ಕಂಡಿದ್ದೀಯಾ?’

“ಕೈ ಎತ್ತು ಮಾರಾಯಾ, ಫೋಟೋ!” ಉಮ್ಮರಬ್ಬ ಕೂಗಿದರು.

ಹಿಶಾಮ್ ಮೊಬೈಲ್ ಜೇಬಿಗಿಳಿಸಿ ಮುಷ್ಟಿ ಎತ್ತಿದ. ಎಲ್ಲರ ಕಣ್ಣೂ ಅವನ ಬೆನ್ನ ಹಿಂದಕ್ಕೆ ಹೋಯಿತು. ತಿರುಗಿ ನೋಡಿದ. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತಿದ್ದ ಅವನ ನೆರಳು, ಪರದೆಯ ಮೇಲಿದ್ದ ಪೊಲೀಸನನ್ನು ಇಡಿಯಾಗಿ ನುಂಗಿತ್ತು. ಲಾಠಿ ಒಂದು ಉಳಿದಿತ್ತು, ನೆರಳಿನ ಮುಷ್ಟಿಯಿಂದ ನೆಟ್ಟಗೆ ಮೇಲಕ್ಕೆ.

“ಅಲುಗಬೇಡ, ಹಾಗೇ ಹಿಡ್ಕೋ!”

ಹಿಡಿದುಕೊಂಡ. ಲಾಠಿಯ ಕೆಳಗೆ ಮೆರವಣಿಗೆಯ ತಲೆಗಳು ಸಾಲಾಗಿ ಕಾದಿದ್ದವು.